ಎಡಕ್ಕೆ ತಿರುಗಿದ ಸುಳಿ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಅಕ್ಕಾರ ಶ್ರದ್ಧಾಂಜಲಿ ಸಭೆ ಇತ್ತು. ಅವರ ಕುರ್ಚಿಯಲ್ಲಿ ಈಗ ವಿಭಾಗದ ಮುಖ್ಯಸ್ಥೆಯಾಗಿ ಕೂತಿರುವವಳು ನಾನೇ ಆದ್ದರಿಂದ ಮಾತಾಡಲು ಮೊದಲು ನನ್ನನ್ನೇ ಕರೆದರು. ಮರಾಠಿಯಲ್ಲಿ ಹತ್ತು ನಿಮಿಷ ಮಾತಾಡಿದೆ. ಶಿಸ್ತು, ಶ್ರದ್ಧೆ, ವಿದ್ಯಾರ್ಥಿಗಳ ಮೇಲಿನ ಮಮತೆ ಎಲ್ಲವನ್ನೂ ಹೇಳಿದೆ. ಒಂದೂ ಸುಳ್ಳಿರಲಿಲ್ಲ. ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಕೆಳಗಿಳಿದು ಬಂದಾಗ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ನನ್ನ ಕೈ ಹಿಡಿದು, ನಿಮಗೆ ಅವರ ಮೇಲೆ ಎಷ್ಟು ಪ್ರೀತಿ ಎಂದರು.

ಪ್ರೀತಿ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಹೊಟ್ಟೆಕಿಚ್ಚಂತೂ ಇತ್ತು. ಅವರೊಂದಿಗೆ ಕೆಲಸ ಮಾಡಿದ ಅಷ್ಟೂ ವರ್ಷ ಇತ್ತು, ಅವರು ನಿವೃತ್ತರಾದ ಮೇಲೂ ಇತ್ತು, ಈಗ ಅವರು ಹೋದ ಮೇಲೂ ಪೂರ್ತಿ ಆರಿದಂತೆ ಕಾಣುವುದಿಲ್ಲ. ಇದನ್ನು ಆ ಸಭೆಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಕಾಲೇಜಿನಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರನ್ನು ಅಕ್ಕಾರು ಎಂದು ಕರೆಯುತ್ತಿದ್ದವಳೂ ನಾನೊಬ್ಬಳೇ. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಮಿಕ್ಕವರಿಗೆಲ್ಲ ಅವರು ಮ್ಯಾಡಂ. ಅವರದು ಕಲಬುರಗಿ ಜಿಲ್ಲೆ, ನನ್ನದು ಬೀದರ. ಗಂಡನ ಬ್ಯಾಂಕಿನ ವರ್ಗಾವಣೆಯ ಬಾಲ ಹಿಡಿದುಕೊಂಡು ನಾನು ನಾಸಿಕಕ್ಕೆ ಬಂದು, ದಿಂಡೋರಿ ರಸ್ತೆಯ ಫಾರ್ಮಸಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ದಿನ, ಹೆಸರು ಕೇಳುತ್ತಲೇ ಅವರು ಕನ್ನಡಕ್ಕೆ ಹೊರಳಿದರು. ಯಾವ ಊರು, ಯಾರ ಪೈಕಿ, ಮನೆಯಲ್ಲಿ ಜೋಳ ಸಿಗುತ್ತದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡರು. ಕಿಟಕಿಯಾಚೆ ದ್ರಾಕ್ಷಿ ತೋಟ, ಒಳಗೆ ಬೀಕರುಗಳ ಸಾಲು, ಆ ಸಾಲಿನ ಹಿಂದೆ ನಮ್ಮೂರ ಮಾತು. ಆ ದಿನ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಆ ಸಂತೋಷ ಹೆಚ್ಚು ಕಾಲ ಬಾಳಲಿಲ್ಲ ಎನ್ನುವುದು ಅವರ ತಪ್ಪಲ್ಲ.

ನಮ್ಮ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊಣಕಾಲು ನೋವಿಗೆ ಗುಳಿಗೆ ನುಂಗಿದರೆ ಅದು ಮೊದಲು ಹೊಟ್ಟೆಗೆ ಹೋಗಿ ಅಲ್ಲಿ ಉರಿ ಎಬ್ಬಿಸುತ್ತದೆ. ಅದೇ ಔಷಧವನ್ನು ನೋವಿದ್ದ ಜಾಗದಲ್ಲೇ ಚರ್ಮದ ಮೇಲೆ ಹಚ್ಚಿ ಒಳಗೆ ಕಳಿಸಲು ಬರುತ್ತದೆಯೇ ಎಂದು ನೋಡುವವರು ನಾವು. ಔಷಧ ಎಣ್ಣೆಯಲ್ಲಿ ಕರಗುವಂಥದ್ದಾದರೆ ಎಣ್ಣೆಯನ್ನು ಬಿಸಿ ನೀರಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಹರಡಿ ಹಾಲಿನಂಥ ಇಮಲ್ಷನ್ ಮಾಡಬೇಕು. ಅದು ಚರ್ಮದ ಮೇಲೆ ನಿಲ್ಲದೆ ಹರಿದುಹೋಗುತ್ತದೆಂದು ಜೆಲ್ಲಿಗೆ ಸೇರಿಸಬೇಕು. ಎರಡೂ ಸೇರಿದರೆ ಇಮಲ್ಜೆಲ್. ಬರೆಯಲು ಇಷ್ಟು ಸುಲಭ. ಮಾಡಲು ಹೋದರೆ ಎಣ್ಣೆ ತನ್ನ ದಾರಿ ಹಿಡಿಯುತ್ತದೆ, ನೀರು ತನ್ನ ದಾರಿ ಹಿಡಿಯುತ್ತದೆ.

"ಎಣ್ಣಿ ನೀರು ಎಂದೂ ಕೂಡೂದಿಲ್ರಿ," ಎಂದು ಅಕ್ಕಾರು ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ ದಿನ ಹೇಳುತ್ತಿದ್ದರು. ಮರಾಠಿಯಲ್ಲಿ ಹುಡುಗರಿಗೆ ಹೇಳಿ ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ. "ಜಗಳ ಆಡಲಾರದಂಗ ಎರಡನ್ನೂ ಒಂದ ಮನ್ಯಾಗ ಇರಸೂದಷ್ಟ ನಮ್ಮ ಕೆಲಸ."

ಅವರು ಕುಳ್ಳಗೆ, ದಪ್ಪ ಕನ್ನಡಕ. ಬಿಳಿ ಕೋಟಿನ ಕೆಳಗೆ ಸದಾ ಇಳಕಲ್ಲ ಸೀರೆಯ ಅಂಚು ಕಾಣುತ್ತಿತ್ತು. ನಡಿಗೆ ನಿಧಾನ, ಮಾತು ನಿಧಾನ. ಚಹಾ ಕುಡಿಯುವುದಂತೂ ಇನ್ನೂ ನಿಧಾನ. ಜೆಲ್ ಮಾಡುವ ಪುಡಿಯನ್ನು ನೀರಿಗೆ ಹಾಕುವಾಗ ನಾವೆಲ್ಲ ಚಮಚದಲ್ಲಿ ಸುರಿದು ಕಲಕುವ ಯಂತ್ರದ ಗುಂಡಿ ಒತ್ತುತ್ತಿದ್ದೆವು. ಅದು ಗಂಟು ಗಂಟಾಗಿ, ಮೇಲೆಲ್ಲ ಗಾಳಿಗುಳ್ಳೆ ಎದ್ದು, ನಮ್ಮ ಮುಖ ನೋಡುತ್ತ ಕೂರುತ್ತಿತ್ತು. ಅವರ ಬಳಿ ಚಹಾ ಸೋಸುವ ಒಂದು ಜರಡಿ ಇತ್ತು. ಅದರಲ್ಲಿ ಪುಡಿ ಹಾಕಿ, ಎಡಗೈ ಬೆರಳಿನಿಂದ ಜರಡಿಯ ಅಂಚನ್ನು ಮೆಲ್ಲಗೆ ತಟ್ಟುತ್ತ, ಹೋಳಿಗೆಗೆ ಹಿಟ್ಟು ಉದುರಿಸಿದಂತೆ ನೀರಿನ ಮೇಲೆ ಉದುರಿಸಿ, ಮುಚ್ಚಿ, ಮನೆಗೆ ಹೋಗಿಬಿಡುತ್ತಿದ್ದರು. ಕಲಕುವ ಮಾತೇ ಇಲ್ಲ. ನಾನು ಅವಸರ ಮಾಡಿದರೆ, ಅದು ಕುಡಿಯಲಿ ಬಿಡಿ, ನೀರು ಕುಡಿಯುವವರ ಮುಂದೆ ನಿಂತು ಅವಸರ ಮಾಡಬಾರದು ಎನ್ನುತ್ತಿದ್ದರು.

ಅವರದು ಎಡಗೈ. ಊಟಕ್ಕೆ, ಪೂಜೆಗೆ, ಪ್ರಸಾದಕ್ಕೆ ಬಲಗೈ ಬಳಸಲು ಚಿಕ್ಕಂದಿನಲ್ಲಿ ಅಜ್ಜಿ ಬಡಿದು ಕಲಿಸಿದ್ದರಂತೆ. ಲ್ಯಾಬಿನಲ್ಲಿ ಅಜ್ಜಿ ಇರಲಿಲ್ಲವಾಗಿ ಎಡಗೈಗೆ ಅಲ್ಲಿ ಪೂರ್ತಿ ರಾಜ್ಯ. ಡಬ್ಬಿಗೆ ಜೆಲ್ ತುಂಬಿದ ಮೇಲೆ ಅವರು ಚಪ್ಪಟೆ ಚಮಚದಂಥ ಸ್ಪಾಚುಲಾದಿಂದ ಮೇಲ್ಭಾಗವನ್ನು ಒಂದೇ ಸಲ ತಿರುವಿ ಸಾಪು ಮಾಡುತ್ತಿದ್ದರು. ಅದರಿಂದ ಒಂದು ಸುಳಿ ಬೀಳುತ್ತಿತ್ತು. ನಾವೆಲ್ಲ ತಿರುವಿದರೆ ಸುಳಿ ಬಲಕ್ಕೆ ತಿರುಗುತ್ತದೆ. ಅವರದು ಎಡಕ್ಕೆ ತಿರುಗಿ ಕೊನೆಗೆ ಮೋದಕದ ತುದಿಯ ಹಾಗೆ ಸಣ್ಣ ಬಾಲ ಎತ್ತಿ ನಿಲ್ಲುತ್ತಿತ್ತು. ಅವರ ಡಬ್ಬಿಗೆ ಹೆಸರು ಬರೆಯುವ ಅಗತ್ಯವೇ ಇರಲಿಲ್ಲ. ಅವರು ಬರೆಯುತ್ತಲೂ ಇರಲಿಲ್ಲ, ತಾರೀಖು ಮಾತ್ರ ಹಾಕುತ್ತಿದ್ದರು.

ಔಷಧ ಚರ್ಮ ದಾಟುತ್ತದೆಯೋ ಇಲ್ಲವೋ ಎಂದು ನೋಡಲು ಚರ್ಮ ಬೇಕಲ್ಲ. ಅದಕ್ಕೆ ಆಡಿನ ಚರ್ಮ ತರಬೇಕಾಗುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತದ ಈ ಹೆಂಗಸು ತಾನೇ ಕಟುಕರ ಅಂಗಡಿಗೆ ಹೋಗುತ್ತಿದ್ದರು. ಮೊದಲ ಸಲ ನನ್ನನ್ನೂ ಕರೆದುಕೊಂಡು ಹೋದಾಗ ನಾನು ಮೂಗಿಗೆ ಸೆರಗು ಹಿಡಿದು ರಸ್ತೆಯ ಈಚೆಯೇ ನಿಂತೆ. ಅವರು ಒಳಗೆ ಹೋಗಿ, ಇಲ್ಲಿ ಗಾಯ ಇದೆ, ಇಲ್ಲಿ ದಪ್ಪ ಆಯಿತು, ಎಂದು ಸೀರೆ ಅಂಗಡಿಯಲ್ಲಿ ಆರಿಸುವ ಹಾಗೆ ಚರ್ಮ ಆರಿಸುತ್ತಿದ್ದರು. ಅಂಗಡಿಯವರು ಅವರಿಗೆ ಸ್ಟೂಲು ಕೊಟ್ಟು ಕೂರಿಸಿದ್ದರು. ವಾಪಸು ಬರುವಾಗ ನನ್ನ ಮುಖ ನೋಡಿ ನಕ್ಕು, "ಔಷಧ ಚರ್ಮ ದಾಟಬೇಕಂದ್ರ ಮೊದಲ ನಾವು ಹೊಸ್ತಿಲಾ ದಾಟಬೇಕಲ್ರಿ," ಎಂದರು.

ಈ ಮಾತನ್ನು ನಾನು ಈಗ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನನ್ನದೇ ಮಾತೆಂಬಂತೆ ಹೇಳುತ್ತೇನೆ. ಇದನ್ನೂ ಇಲ್ಲಿ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಹೊಟ್ಟೆಕಿಚ್ಚು ಯಾವಾಗ ಶುರುವಾಯಿತೆಂದು ಕೇಳಿದರೆ ದಿನ ಹೇಳಲಾರೆ, ಜಾಗ ಹೇಳಬಲ್ಲೆ. ನಮ್ಮ ಮನೆಯ ಪಡಸಾಲೆ. ನಮ್ಮತ್ತೆಗೆ ಚಳಿಗಾಲ ಬಂದರೆ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಸೊಸೆ ಔಷಧದ ಕಾಲೇಜಿನಲ್ಲಿ ಇರುವವಳು ಎಂಬ ಹೆಮ್ಮೆಯಿಂದ ನಾನೊಂದು ಮುಲಾಮು ಮಾಡಿ ತಂದುಕೊಟ್ಟೆ. ಹದಿನೈದು ದಿನ ಬಿಟ್ಟು ಅಕ್ಕಾರು ನಮ್ಮ ಮನೆಗೆ ಊಟಕ್ಕೆ ಬಂದವರು ಅತ್ತೆಯ ಕಾಲು ನೋಡಿ, ತಮ್ಮದೊಂದು ಡಬ್ಬಿ ಕಳಿಸಿದರು. ಅತ್ತೆ ಒಂದು ವಾರ ಹಚ್ಚಿ ನೋಡಿ, ಬೀದರದಿಂದ ಬಂದ ನೆಂಟರ ಮುಂದೆಲ್ಲ ತೀರ್ಪು ಕೊಟ್ಟರು: "ನಮ್ಮ ಸೊಸಿದು ಅಂಟತದ. ಅಕ್ಕಾರದು ಒಳಗ ಹೋಗ್ತದ."

ನಾನು ಎಂ.ಫಾರ್ಮ್‌ನಲ್ಲಿ ರ‍್ಯಾಂಕು ಪಡೆದವಳು. ಆರು ಪದದಲ್ಲಿ ನನ್ನ ರ‍್ಯಾಂಕು ಹಿಮ್ಮಡಿಯ ಬಿರುಕಿನೊಳಗೆ ಹೋಯಿತು.

ಅಲ್ಲಿಂದ ನಾನು ಅವರನ್ನು ಗಮನಿಸತೊಡಗಿದೆ. ಕಲಿಯುವವಳ ಹಾಗಲ್ಲ, ತಪ್ಪು ಹುಡುಕುವವಳ ಹಾಗೆ. ಮಾಡಿದ ಜೆಲ್ಲನ್ನು ಅವರು ಮೊದಲು ತಮ್ಮ ಮಣಿಕಟ್ಟಿನ ಒಳಗಡೆ ಹಚ್ಚಿ, ಚಹಾ ಕುಡಿದು ಬಂದು, ಆ ಮಣಿಕಟ್ಟನ್ನು ಹಳೆಯ ಪೇಪರಿನ ಮೇಲೆ ಒತ್ತುತ್ತಿದ್ದರು. ಪೇಪರಿನ ಮೇಲೆ ಭಜಿ ಇಟ್ಟಂತೆ ಕಲೆ ಬಿದ್ದರೆ ಆ ಜೆಲ್ ಬೇಸಿನ್ನಿಗೆ. ನಾನೂ ಮನೆಯಲ್ಲಿ ಕದ್ದು ಪೇಪರಿಗೆ ಮಣಿಕಟ್ಟು ಒತ್ತಿದೆ. ಕಲೆ. ಚಹಾ ಜರಡಿ ತಂದೆ. ಗಂಟು. ಎಡಗೈಯಲ್ಲಿ ತಿರುವಿ ನೋಡಿದೆ, ಹೊರಗೆ ಚೆಲ್ಲಿತು. ಪುಡಿ ಸರಿಯಿಲ್ಲ, ನಮ್ಮ ನಾಸಿಕದ ನೀರು ಸರಿಯಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ವಿದ್ಯಾರ್ಥಿಗಳು ಸಂದೇಹ ಕೇಳಲು ನನ್ನ ಮೇಜು ದಾಟಿ ಅವರ ಮೇಜಿಗೆ ಹೋಗುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಅವರು ನನ್ನನ್ನೇ ಕರೆದು, ಇವರನ್ನು ಕೇಳಿ, ಇವರು ನನಗಿಂತ ಓದಿದವರು ಎಂದು ಹುಡುಗರ ಮುಂದೆ ಹೇಳಿದರೆ ಇನ್ನೂ ಬಿಸಿಯಾಗುತ್ತಿತ್ತು.

ಆ ಹೊತ್ತಿಗೆ ನಾನು ಪಿಎಚ್.ಡಿಗೆ ಹೆಸರು ಹಚ್ಚಿದ್ದೆ. ನನ್ನ ಮಾರ್ಗದರ್ಶಕರು ಸಂಭಾಜಿನಗರದವರು. ವಿಷಯ ಅದೇ, ಸಂಧಿನೋವಿನ ಔಷಧಕ್ಕೆ ಇಮಲ್ಜೆಲ್. ಆರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಸಮಿತಿಯ ಮುಂದೆ ಸೆಮಿನಾರ್ ಕೊಡಬೇಕು. ಬಿಸಿ ಚೇಂಬರಿನಲ್ಲಿ ಮೂರು ತಿಂಗಳು ಇಟ್ಟರೂ ಒಡೆಯದ ಮಾದರಿ ತೋರಿಸಬೇಕು, ಔಷಧ ಚರ್ಮ ದಾಟಿದ ಲೆಕ್ಕದ ಗ್ರಾಫ್ ತೋರಿಸಬೇಕು. ನನ್ನದು ಮಾಡಿದ ದಿನ ಬೆಣ್ಣೆಯ ಹಾಗೆ ಇರುತ್ತಿತ್ತು. ಚೇಂಬರಿನಲ್ಲಿ ಮೂರು ತಿಂಗಳು ತುಂಬುವುದರೊಳಗೆ ಮೇಲೆ ಎಣ್ಣೆ ತೇಲುತ್ತಿತ್ತು. ಮೊದಲ ಸಲ ಒಡೆಯಿತು, ಸಮಿತಿ ಸಮಯ ಕೊಟ್ಟಿತು. ಎರಡನೇ ಸಲವೂ ಒಡೆಯಿತು. ಆವತ್ತು ಸಿಟ್ಟಿಗೆ ಅಷ್ಟೂ ಡಬ್ಬಿಗಳನ್ನು ಬೇಸಿನ್ನಿಗೆ ಸುರಿದು, ಅಳತೆ ಬರೆದ ಕಾಗದವನ್ನು ಮೇಜಿನ ಮೇಲೇ ಬಿಟ್ಟು, ಅಳುತ್ತ ಮನೆಗೆ ಹೋದೆ. ಮೂರನೇ ಸಲವೂ ಹೀಗೇ ಆದರೆ ಹೆಸರು ತೆಗೆಯುತ್ತೇವೆ ಎಂದು ಸಮಿತಿ ಬರೆದು ಕಳಿಸಿತು. ಪಿಎಚ್.ಡಿ ಇಲ್ಲದವರನ್ನು ಕಾಯಂ ಮಾಡುವುದಿಲ್ಲ ಎಂದು ಕಾಲೇಜಿನವರು ಅದಕ್ಕೂ ಮೊದಲೇ ಹೇಳಿದ್ದರು.

ಮೂರನೇ ಸಲದ್ದು ಸೆಮಿನಾರಿಗೆ ನಾಲ್ಕು ದಿನ ಇರುವಾಗ ಒಡೆಯಿತು. ಶನಿವಾರ ಮಧ್ಯಾಹ್ನ. ಅಕ್ಕಾರ ಯಜಮಾನರು ಸಂಭಾಜಿನಗರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇದ್ದರು, ಮನೆ ಅಲ್ಲೇ ಇತ್ತು. ಅಕ್ಕಾರು ನಾಸಿಕದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದು ಶನಿವಾರ ಒಂದು ಗಂಟೆಗೆ ಬಸ್ಸು ಹಿಡಿಯುವರು, ಸೋಮವಾರ ಬೆಳಿಗ್ಗೆ ಬರುವರು. ಅವರು ಹೋಗಿಯಾಗಿತ್ತು. ನಾನು ಚೇಂಬರಿನ ಬಾಗಿಲು ತೆರೆದು, ನನ್ನ ಎಣ್ಣೆ ತೇಲುವ ಡಬ್ಬಿಗಳನ್ನು ಹೊರಗೆ ತೆಗೆದೆ. ಅವುಗಳ ಹಿಂದೆ, ಮೂಲೆಯಲ್ಲಿ, ಎರಡು ಡಬ್ಬಿ ಇದ್ದವು. ಮೇಲೆ ತಾರೀಖು ಮಾತ್ರ. ಎಣಿಸಿದೆ, ಅವತ್ತಿಗೆ ಸರಿಯಾಗಿ ಮೂರು ತಿಂಗಳು. ಒಂದರ ಮುಚ್ಚಳ ತೆಗೆದೆ. ಎಡಕ್ಕೆ ತಿರುಗಿದ ಸುಳಿ, ಬಾಲ ಎತ್ತಿಕೊಂಡು ಹಾಗೇ ನಿಂತಿತ್ತು. ಒಂದು ಹನಿ ಎಣ್ಣೆ ಇಲ್ಲ. ವಾಸನೆ ನೋಡಿದೆ, ಮಣಿಕಟ್ಟಿಗೆ ಹಚ್ಚಿದೆ. ನಾನು ತೆಗೆದುಕೊಂಡದ್ದೇ ಔಷಧ, ನಾನು ತೆಗೆದುಕೊಂಡದ್ದೇ ಎಣ್ಣೆ ಎಂದು ಗೊತ್ತಾಯಿತು. ಮೈಯೆಲ್ಲ ಉರಿಯಿತು. ನನ್ನ ವಿಷಯವನ್ನೇ ತೆಗೆದುಕೊಂಡು, ನನಗೆ ತಿಳಿಸದೆ, ನನಗಿಂತ ಚೆನ್ನಾಗಿ ಮಾಡಿ ಇಟ್ಟಿದ್ದಾರೆ ಎಂದುಕೊಂಡೆ. ಅವರು ಕದ್ದಿದ್ದಾರೆ ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ಹಾಗೆ ಹೇಳಿಕೊಂಡ ಮೇಲೆ ಕದಿಯುವುದು ಸುಲಭವಾಯಿತು.

ಎರಡನ್ನೂ ತೆಗೆದುಕೊಂಡೆ. ತಾರೀಖಿನ ಚೀಟಿ ಕಿತ್ತು ನನ್ನ ಚೀಟಿ ಅಂಟಿಸಿದೆ. ಭಾನುವಾರ ಲ್ಯಾಬಿಗೆ ಬಂದು, ತೆರೆದ ಡಬ್ಬಿಯ ಜೆಲ್ಲನ್ನು ಆಡಿನ ಚರ್ಮದ ಮೇಲೆ ಹಚ್ಚಿ ಗಾಜಿನ ಉಪಕರಣಕ್ಕೆ ಕೂರಿಸಿ, ಗಂಟೆಗೊಮ್ಮೆ ಕೆಳಗಿನ ನೀರು ತೆಗೆದು ಅಳೆದೆ. ಔಷಧ ಒಳ್ಳೆಯ ಸೊಸೆಯ ಹಾಗೆ ಸದ್ದಿಲ್ಲದೆ ಹೊಸ್ತಿಲು ದಾಟಿ ಒಳಗೆ ಬರುತ್ತಲೇ ಇತ್ತು. ಅಂಥ ಗ್ರಾಫ್ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಇನ್ನೊಂದು ಡಬ್ಬಿಯನ್ನು ಸಮಿತಿಗೆ ತೋರಿಸಲೆಂದು ಮುಟ್ಟದೆ ಇಟ್ಟೆ. ಅಲ್ಲೇ ನನ್ನ ಬುದ್ಧಿ ಕೈಕೊಟ್ಟಿತು. ಮುಚ್ಚಳ ತೆಗೆದು ಸುಳಿಯನ್ನು ಒಮ್ಮೆ ಬಲಕ್ಕೆ ತಿರುವಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟು ಚೆಂದದ್ದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಸೋಮವಾರ ಅಕ್ಕಾರು ಬಂದವರು ನೆಟ್ಟಗೆ ಚೇಂಬರಿಗೆ ಹೋದರು. ಬಾಗಿಲು ತೆರೆದು ಮೂಲೆಗೆ ಕೈ ಹಾಕಿ ಸ್ವಲ್ಪ ಹೊತ್ತು ನಿಂತರು. ಮುಚ್ಚಿದರು. ನಾನು ನೋಡದವಳ ಹಾಗೆ ಬ್ಯೂರೆಟ್ ತೊಳೆಯುತ್ತಿದ್ದೆ. ಕೈಯಲ್ಲಿ ಏನೋ ಒಂದು ಕಾಗದ ಹಿಡಿದುಕೊಂಡಿದ್ದರು, ಅದನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ನನ್ನ ಬಳಿ ಬಂದು, ಸೆಮಿನಾರಿನ ತಯಾರಿ ಆಯಿತೇ ಎಂದು ಕೇಳಿದರು. ನಾನು, ಈ ಸಲ ಒಡೆದಿಲ್ಲ ಅಕ್ಕಾರೇ, ಮೂರು ತಿಂಗಳು ನಿಂತಿತು, ಎಂದೆ. ಅಗತ್ಯಕ್ಕಿಂತ ಹೆಚ್ಚು ನಗುತ್ತ ಹೇಳಿದೆ ಎಂದು ನೆನಪು. ಅವರು ನನ್ನನ್ನೇ ನೋಡಿದರು. ಏನೋ ಕಾಯುವವರ ಹಾಗೆ. ಆಮೇಲೆ, ಚಲೋ ಆತು ಬಿಡ್ರಿ, ಎಂದು ಚಹಾಕ್ಕೆ ಹೋದರು.

ಸಮಿತಿಯಲ್ಲಿ ನಮ್ಮ ಕಾಲೇಜಿನ ಪರವಾಗಿ ಅವರೂ ಒಬ್ಬ ಸದಸ್ಯರು. ಬುಧವಾರ ಸಂಭಾಜಿನಗರ. ಬೇಸಿಗೆ, ಫ್ಯಾನಿನಿಂದಲೂ ಬಿಸಿ ಗಾಳಿ. ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರು ಡಬ್ಬಿಯ ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು, ಇಷ್ಟು ಬಿಸಿಯಲ್ಲೂ ಹೇಗೆ ನಿಂತಿದೆ ನೋಡಿ ಎಂದು ಹೊಗಳಿ ಪಕ್ಕಕ್ಕೆ ದಾಟಿಸಿದರು. ಪಕ್ಕದಲ್ಲಿ ಅಕ್ಕಾರು. ಡಬ್ಬಿ ಅವರ ಎಡಗೈಗೆ ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಒಳಗೆ ನೋಡಿದರು. ಆ ಸುಳಿಯೇ ಯಾರ ಕೈಯದೆಂದು ಹೇಳಿಬಿಡುತ್ತದೆ ಎಂಬುದು ಆಗ ನನಗೆ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಕೋಟಿನ ತೋಳಿಗೆ ಬೆರಳು ಒರೆಸಿಕೊಂಡೆ.

ಅವರು ಒಂದೇ ಪ್ರಶ್ನೆ ಕೇಳಿದರು. ಇಮಲ್ಷನ್ನನ್ನು ಜೆಲ್ಲಿಗೆ ಸೇರಿಸಿದ್ದು ಬಿಸಿ ಇರುವಾಗಲೋ, ತಣ್ಣಗಾದ ಮೇಲೋ. ನಾನು ಯಾವಾಗಲೂ ಮಾಡುವ ಹಾಗೆ, ಬಿಸಿ ಇರುವಾಗಲೇ, ಎಂದೆ. ಹಿರಿಯರು ಹುಬ್ಬು ಏರಿಸಿದರು. ಅಕ್ಕಾರು ತಲೆ ಎತ್ತದೆ, ಗಾಬರಿಗೆ ಹಾಗೆ ಹೇಳುತ್ತಿದ್ದಾರೆ, ಪೂರ್ತಿ ತಣ್ಣಗಾಗುವವರೆಗೆ ಕಾಯ್ದು ಸೇರಿಸಿದ್ದು, ಹಾಗೇ ಬರೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿ, ಡಬ್ಬಿಯ ಮುಚ್ಚಳ ಹಾಕಿ ಮುಂದಕ್ಕೆ ದಾಟಿಸಿದರು. ನನ್ನ ಹೆಸರು ಉಳಿಯಿತು.

ನಾಸಿಕಕ್ಕೆ ಬಂದು ನನ್ನದೇ ಅಳತೆಯಲ್ಲಿ ಇನ್ನೊಮ್ಮೆ ಮಾಡಿದೆ. ಇಮಲ್ಷನ್ ಮುಗಿದ ಮೇಲೆ ಪಾತ್ರೆಗೆ ಅಂಗೈ ಹಚ್ಚಿ ನೋಡುತ್ತ, ಬೆಚ್ಚಗಿರುವುದೂ ಹೋಗುವವರೆಗೆ ಕಾಯ್ದು ಜೆಲ್ಲಿಗೆ ಸೇರಿಸಿದೆ. ಮೂರು ತಿಂಗಳು ನಿಂತಿತು. ಆರು ತಿಂಗಳೂ ನಿಂತಿತು. ಚರ್ಮಕ್ಕೆ ಹಚ್ಚಿ ಅಳೆದರೆ ನನ್ನ ಗ್ರಾಫ್ ಅವರ ಗ್ರಾಫಿನ ಮೇಲೇ ಕೂತಿತು, ಒಂದು ಕೂದಲೂ ಆಚೀಚೆ ಇಲ್ಲ. ನನಗೆ ಹಿಗ್ಗೋ ಹಿಗ್ಗು. ಅಂತೂ ಅವರ ಸಮಕ್ಕೆ ಬಂದೆ ಎಂದುಕೊಂಡೆ. ಎರಡು ಗ್ರಾಫ್ ಅಷ್ಟು ಸರಿಯಾಗಿ ಯಾಕೆ ಕೂಡಿದವು ಎಂದು ಕೇಳಿಕೊಳ್ಳಲಿಲ್ಲ. ಹುಡುಗರಿಗೆ ಗ್ರಾಫ್ ಓದಲು ಕಲಿಸುವ ಮ್ಯಾಡಂ ನಾನು, ಆ ಒಂದು ಲೆಕ್ಕ ಮಾಡಲಿಲ್ಲ.

ಪ್ರಬಂಧದಲ್ಲಿ ನನ್ನವೇ ಮಾದರಿಗಳ ಗ್ರಾಫ್‌ಗಳನ್ನು ಹಾಕಿದೆ. ಪದವಿ ಬಂತು, ಕೆಲಸ ಕಾಯಂ ಆಯಿತು. ಕದ್ದದ್ದು ಎರಡು ಡಬ್ಬಿ ಮತ್ತು ಒಂದು ಸೆಮಿನಾರು ಮಾತ್ರ, ಮಿಕ್ಕದ್ದು ನನ್ನ ದುಡಿಮೆ, ಎಂದು ದಿನಾ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಯಾರಾದರೂ ಡಾಕ್ಟರ್ ಎಂದು ಕರೆದರೆ ಅಕ್ಕಾರು ಆಸುಪಾಸಿನಲ್ಲಿ ಇದ್ದಾರೆಯೇ ಎಂದು ಮೊದಲು ನೋಡುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗದ್ದು. ಜಗಳ ಆಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಮೊದಲಿನಂತೆಯೇ ಊರಿನಿಂದ ಬರುವಾಗ ದೌಲತಾಬಾದಿನ ರಸ್ತೆಯಲ್ಲಿ ಕೊಂಡ ಸೀತಾಫಲ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಿವೃತ್ತಿಯ ದಿನ ತಮ್ಮ ಕುರ್ಚಿಗೆ ನನ್ನ ಹೆಸರನ್ನೇ ಹೇಳಿದರು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಬೆನ್ನ ಮೇಲೆ ಬಿದ್ದದ್ದು ಎಡಗೈ.

ಆ ಎರಡು ಡಬ್ಬಿಗಳಲ್ಲಿ ಒಂದು ನನ್ನ ಬಳಿಯೇ ಉಳಿದಿತ್ತು. ತೊಳೆದು ಮನೆಯ ಕಪಾಟಿನಲ್ಲಿ ಇಟ್ಟಿದ್ದೆ. ಎಸೆಯಲು ಧೈರ್ಯವಾಗಿರಲಿಲ್ಲ. ಎರಡು ವರ್ಷದ ಹಿಂದೆ ಪರೀಕ್ಷೆಯ ಕೆಲಸಕ್ಕೆ ಸಂಭಾಜಿನಗರಕ್ಕೆ ಹೋಗಬೇಕಾದಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅಕ್ಕಾರ ಮನೆಯಲ್ಲಿ ಅವತ್ತು ಅವರ ಯಜಮಾನರು ಮೊಮ್ಮಗಳನ್ನು ಕರೆದುಕೊಂಡು ಖುಲ್ತಾಬಾದಿನ ಹನುಮಂತನ ಗುಡಿಗೆ ಹೋಗಿದ್ದರು. ಅಕ್ಕಾರಿಗೆ ಉಸಿರಿನ ತೊಂದರೆ ಶುರುವಾಗಿತ್ತು. ಆದರೂ ಅಡಿಗೆಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆಲ್ಲ ಹಿಮ್ಮಡಿಯ ಮುಲಾಮು ಮಾಡುವುದು ಬಿಟ್ಟಿರಲಿಲ್ಲ. ಒಂದು ಪಾತ್ರೆ ಆರಲು ಇಟ್ಟಿದ್ದರು. ಜೋಳದ ರೊಟ್ಟಿ ಉಂಡೆವು. ಎಲೆಯಡಿಕೆ ಮುಂದಿಟ್ಟಾಗ ನಾನು ಡಬ್ಬಿ ತೆಗೆದು ಅವರ ಮುಂದೆ ಇಟ್ಟೆ.

"ಇದು ನಿಮ್ಮ ಡಬ್ಬಿರಿ ಅಕ್ಕಾರೇ. ನಾ ಕದ್ದಿದ್ದೆ."

ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು. "ಡಬ್ಬಿ ಕಾಲೇಜಿಂದು. ಒಳಗ ಇದ್ದಿದ್ದು ನಿಮ್ಮದ ಇತ್ತಲ್ರಿ."

ದೊಡ್ಡ ಮನಸ್ಸಿನ ಮಾತು ಆಡುತ್ತಿದ್ದಾರೆ ಎಂದುಕೊಂಡು, ಹಾಗನ್ನಬೇಡಿ, ನನಗೆ ಇನ್ನೂ ಕಷ್ಟವಾಗುತ್ತದೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಎರಡನೇ ಸಲ ನನ್ನದು ಒಡೆದು ನಾನು ಅಳುತ್ತ ಹೋದ ದಿನ, ಮೇಜಿನ ಮೇಲೆ ಬಿಟ್ಟುಹೋದ ಕಾಗದ ಅವರಿಗೆ ಸಿಕ್ಕಿತ್ತು. ಅಳತೆಯಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲವಂತೆ. ಹಾಗಾದರೆ ಯಾಕೆ ಒಡೆಯುತ್ತದೆ ಎಂದು ನೋಡಲು, ಅದೇ ಕಾಗದ ಮುಂದಿಟ್ಟುಕೊಂಡು ಅವರೇ ಮಾಡಿದ್ದರು.

"ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ. ಬರೇ ತಣ್ಣಗಾಗೋತನಕಾ ಕಾಯ್ದೆ. ಮೂರು ತಿಂಗಳು ನಿಂದರೂಕಿಂತ ಮೊದಲ ಹೇಳಿದ್ರ ನಿಮಗ ಸುಳ್ಳ ಆಸೆ ಹಚ್ಚಿದಂಗಾಗ್ತದ ಅಂತ ಹೇಳಲಿಲ್ಲ. ಸೋಮವಾರ ಹೇಳಬೇಕಂತ ಕಾಗದಾ ತೊಗೊಂಡ ಬಂದಿದ್ದೆ."

ಆ ಸೋಮವಾರ ಅವರು ಮಡಿಸಿ ಜೇಬಿಗೆ ಹಾಕಿಕೊಂಡದ್ದು ನನ್ನ ಕಾಗದ. ನಾನು ನನ್ನದೇ ವಸ್ತುವನ್ನು, ನನಗೇ ಕೊಡಲೆಂದು ಇಟ್ಟಿದ್ದನ್ನು, ಎರಡು ದಿನ ಮುಂಚೆ ಕದ್ದುಕೊಂಡು ಹೋಗಿದ್ದೆ. ಎರಡು ದಿನ ತಡೆದಿದ್ದರೆ ಅದನ್ನೇ ತಲೆಯೆತ್ತಿ ತೋರಿಸಬಹುದಿತ್ತು. ನನಗೆ ಮೊದಲು ಬಂದದ್ದು ನಾಚಿಕೆ ಅಲ್ಲ, ಸಿಟ್ಟು. ಇಷ್ಟು ವರ್ಷ ಕಳ್ಳಿಯಾಗಿ ಓಡಾಡಿದೆನಲ್ಲ, ಒಂದು ಮಾತು ಹೇಳಬಾರದಿತ್ತೇ?

"ಮತ್ತ ಆಮ್ಯಾಲರೆ ಯಾಕ ಹೇಳಲಿಲ್ರಿ?" ಎಂದೆ. ಧ್ವನಿ ಏರಿತ್ತು.

"ಮೊದಲು ನೀವ ಹೇಳ್ತೀರಿ ಅಂತ ಕಾಯ್ದೆ," ಎಂದರು. "ಆಮ್ಯಾಲ ಕಾಯೂದ ರೂಢಿ ಆಗಿಬಿಡ್ತು."

ಎದ್ದು ಪಾತ್ರೆಗೆ ಅಂಗೈ ಹಚ್ಚಿ ನೋಡಿದರು. ತಣ್ಣಗಾಗಿತ್ತು. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸಿ ಕಳಿಸುವುದಿಲ್ಲ. ನಾನು ಬರಿದು ತಂದಿದ್ದೆ, ಆ ರೂಢಿಯನ್ನೂ ಮರೆತಿದ್ದೆ. ಅವರು ಮರೆಯಲಿಲ್ಲ. ಆ ಡಬ್ಬಿಯನ್ನೇ ಒರೆಸಿ, ಮುಲಾಮು ತುಂಬಿ, ಎಡಗೈಯಲ್ಲಿ ಒಮ್ಮೆ ತಿರುವಿ, ನಿಮ್ಮ ಅತ್ತೆಗೆ ಕೊಡಿ ಎಂದು ನನ್ನ ಕೈಗೆ ಇಟ್ಟರು. ಬಸ್ಸಿನಲ್ಲಿ ನಾಸಿಕದವರೆಗೂ ನಾನು ಯೋಚಿಸಿದ್ದು ಒಂದೇ. ನನ್ನ ಅಳತೆ ಕೂಡ ಮೊದಲು ಸರಿಯಾಗಿ ಬಂದದ್ದು ಅವರ ಕೈಯಲ್ಲಿ.

ಡಬ್ಬಿಯನ್ನು ನಾನು ಅತ್ತೆಗೆ ಕೊಡಲಿಲ್ಲ. ಕಪಾಟಿನಲ್ಲಿ ಸೀರೆಗಳ ಹಿಂದೆ ಇಟ್ಟೆ. ಎರಡು ಚಳಿಗಾಲ ಅತ್ತೆ ಅಂಗಡಿಯ ಮುಲಾಮು ಹಚ್ಚಿಕೊಂಡು, ಅಕ್ಕಾರದ್ದು ಇದ್ದರೆ ಚೆನ್ನಾಗಿತ್ತು ಎಂದು ಗೊಣಗುತ್ತಿದ್ದರು. ಕೇಳಿಯೂ ಕೇಳದಂತೆ ಇದ್ದೆ. ಇಂಥ ಸಣ್ಣತನ ನನ್ನಲ್ಲಿ ಇದೆ, ಏನು ಮಾಡಲಿ?

ಶ್ರದ್ಧಾಂಜಲಿ ಸಭೆ ಮುಗಿಸಿ ಸಂಜೆ ಮನೆಗೆ ಬಂದು ಅದನ್ನು ಹೊರಗೆ ತೆಗೆದೆ. ಎರಡು ಬೇಸಿಗೆ ಕಳೆದಿತ್ತು. ಒಂದು ಹನಿಯಾದರೂ ಎಣ್ಣೆ ಬಿಟ್ಟಿರಲಿ ಎಂದು, ಸತ್ತವರ ಮೇಲೆ, ಅವತ್ತೇ, ದೇವರಾಣೆಗೂ ನಾನು ಬಯಸಿದೆ. ಮುಚ್ಚಳ ತೆಗೆದು ದೀಪಕ್ಕೆ ಹಿಡಿದೆ. ಬಿಟ್ಟಿರಲಿಲ್ಲ. ಸುಳಿ ಎಡಕ್ಕೆ ತಿರುಗಿ, ಬಾಲ ಎತ್ತಿಕೊಂಡು ಹಾಗೇ ಇತ್ತು. ನಾನು ಕುರ್ಚಿಯ ಮೇಲೆ ಕೂತೆ. ಸಭೆಯಲ್ಲಿ ಬಾರದ ಅಳು ಆಗ ಬಂತು.

ಆಮೇಲೆ ಪಡಸಾಲೆಗೆ ಹೋಗಿ ಅತ್ತೆಯ ಕಾಲ ಬಳಿ ಕೂತೆ. ಬೆರಳು ಹಾಕಿ ಸುಳಿ ಕೆಡಿಸಿ, ಅವರ ಹಿಮ್ಮಡಿಗೆ ಹಚ್ಚಿ ತಿಕ್ಕಿದೆ. ಸೊಸೆ ತಾನಾಗಿ ಬಂದು ಕಾಲು ಹಿಡಿದದ್ದಕ್ಕೆ ಅವರಿಗೆ ಆಶ್ಚರ್ಯವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಹಿಮ್ಮಡಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

"ಅಂಟವಲ್ದು," ಎಂದರು. "ಕಡೀಕ ನಿನ್ನ ಕೈಗೂ ಬಂತು ನೋಡವ್ವಾ."

ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಹೂಂ ಅಂದುಬಿಟ್ಟಿದ್ದರೆ ಕೇಳುವವರು ಯಾರೂ ಉಳಿದಿರಲಿಲ್ಲ.

"ನಂದಲ್ರಿ," ಎಂದೆ. "ಅಕ್ಕಾರದು."

"ಅದಕ್ಕ ಮತ್ತ," ಎಂದು ಅತ್ತೆ ಇನ್ನೊಂದು ಕಾಲನ್ನೂ ಮುಂದೆ ಚಾಚಿದರು.